ಹಾಸ್ಯಗಾರನ ಚಿತ್ರಚರಿತೆ

ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಮೊದಲನೆಯದು ಕಂದರ್ಪ, ಎರಡನೆಯದು ಕೌತ್ಕುಚ್ಯ. ರಾಗೋದ್ರೇಕದಿಂದ ಆಡುವ ಅಶಿಷ್ಟ ಪರಿಹಾಸವು ಕಂದರ್ಪ. ಅದಕ್ಕೆ ಅಂಗಚೇಷ್ಟೆ ಕೂಡಿದರೆ ಕೌತ್ಕುಚ್ಯ. ತತ್ತ್ವಾರ್ಥಸೂತ್ರವು ಸತ್ಯವ್ರತದ ಭಾವನೆಗಳಲ್ಲಿ ಕ್ರೋಧ, ಲೋಭ, ಭಯಗಳ ತ್ಯಾಗದೊಡನೆ ಹಾಸ್ಯತ್ಯಾಗವನ್ನೂ ಎಣಿಸಿದೆ. ಹೀಗಿರುವಾಗ, ಹಾಸ್ಯವನ್ನೇ ಜೀವನೋಪಾಯ ಮಾಡಿಕೊಂಡವನ ಆತ್ಮಕಥೆಯನ್ನು ಶ್ರಾವಕನು ಯಾವ ದೃಷ್ಟಿಯಿಂದ ಓದಬೇಕು?

ಅಮೆರಿಕದ ನಟ ಸ್ಟೀವ್ ಮಾರ್ಟಿನ್ ತಮ್ಮ ಚಲನಚಿತ್ರ ಜೀವನವನ್ನು ವ್ಯಂಗ್ಯಚಿತ್ರಕಾರ ಹ್ಯಾರಿ ಬ್ಲಿಸ್ ಅವರ ರೇಖೆಗಳಲ್ಲಿ ಹೇಳಿದ ‘ನಂಬರ್ ಒನ್ ಈಸ್ ವಾಕಿಂಗ್’ 2022ರಲ್ಲಿ ಪ್ರಕಟವಾಯಿತು. ಚಿತ್ರೀಕರಣದ ಪಟ್ಟಿಯಲ್ಲಿ ನಾಯಕನಟನ ಸಂಖ್ಯೆ ಒಂದು. ಆತ ಹೊರಟನೆಂದು ಸಹಾಯಕರು ಸಾರುವ ಮಾತೇ ಶೀರ್ಷಿಕೆ. ಮಾನಕಷಾಯಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ದೊರೆಯಲಾರದು! ಆದರೆ ಲೇಖಕರು ಆ ಹಿರಿಮೆಯನ್ನೇ ನಗೆಗೀಡು ಮಾಡುತ್ತಾರೆ. 1970ರ ದಶಕದಲ್ಲಿ ತಲೆಗೆ ಬಾಣ ನಾಟಿದಂತೆ ವೇಷ ಧರಿಸಿ ನಗಿಸಿದವರು ಇಲ್ಲಿಯೂ ಬಾಣವನ್ನು ಬಹುಮಟ್ಟಿಗೆ ತಮಗೇ ಚುಚ್ಚಿಕೊಂಡಿದ್ದಾರೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಜಾತ್ರೆಗಳಲ್ಲಿ ಕಂಪನಿ ನಾಟಕ ನೋಡಿದವರಿಗೆ ಈ ಭೇದ ತಿಳಿಯದ್ದಲ್ಲ. ತೊದಲುವವನನ್ನು, ಕಿವುಡನನ್ನು ಅಣಕಿಸಿ ಬರಿಸುವ ನಗೆಯಲ್ಲಿ ಹಿಂಸೆಯಿದೆ. ಸಭೆಯಲ್ಲಿ ಕುಳಿತ ಅಂಥವನೊಬ್ಬನ ಮುಖ ನೋಡಿದರೆ ಸಾಕು. ನಮ್ಮ ಪರ್ವದಿನಗಳ ಕಾರ್ಯಕ್ರಮಗಳಲ್ಲಿ ಮಕ್ಕಳು ಆಡುವ ಪ್ರಹಸನಗಳನ್ನೂ ಟ್ರಸ್ಟಿನವರು ಈ ಕಣ್ಣಿನಿಂದ ನೋಡಬೇಕು.

ಅಹಿಂಸೆಯ ಪರೀಕ್ಷೆಯಲ್ಲಿ ಈ ಪುಸ್ತಕ ಗೆಲ್ಲುತ್ತದೆ. ಸತ್ಯದ ಪರೀಕ್ಷೆಯಲ್ಲಿ ಮಾತ್ರ ಸೊರಗುತ್ತದೆ. ಸುಳ್ಳು ಹೇಳಿದ್ದಾರೆಂದಲ್ಲ, ಪ್ರತಿ ನೆನಪೂ ನಗೆಯ ಚಟಾಕಿಯಾಗಿ ಮುಗಿಯಬೇಕೆಂಬ ಹಟದಿಂದ ನೋವಿಗೆ ಎಡೆಯೇ ಉಳಿದಿಲ್ಲ. ಇದೇ ಲೇಖಕರು 2007ರ ‘ಬಾರ್ನ್ ಸ್ಟ್ಯಾಂಡಿಂಗ್ ಅಪ್’ ಕೃತಿಯಲ್ಲಿ ತಂದೆಯೊಡನಿದ್ದ ವೈಮನಸ್ಯವನ್ನೂ, ಕೀರ್ತಿಯ ಶಿಖರದಲ್ಲಿ ರಂಗ ಬಿಟ್ಟ ಕಾರಣವನ್ನೂ ಅಳುಕಿಲ್ಲದೆ ಬರೆದಿದ್ದರು. ಅಲ್ಲಿ ಚಿತ್ರಕಥೆಯಿರಲಿಲ್ಲ, ಆದರೂ ಮನುಷ್ಯ ಕಾಣುತ್ತಿದ್ದ. ಇಲ್ಲಿ ಉತ್ತರಾರ್ಧವಂತೂ ಬಿಡಿ ವ್ಯಂಗ್ಯಚಿತ್ರಗಳಿಂದ ತುಂಬಿದೆ.

ದೋಷ ಚಿತ್ರಮಾಧ್ಯಮದ್ದಲ್ಲ. ಶ್ರವಣಬೆಳಗೊಳದ ಮಠದ ಗೋಡೆಗಳ ಮೇಲೆ ಪಾರ್ಶ್ವನಾಥರ ಭವಾವಳಿಯನ್ನು ಬರೆದ ಚಿತ್ರಕಾರರು ಕಮಠನ ವೈರವನ್ನೂ ಉಪಸರ್ಗವನ್ನೂ ಮರೆಮಾಚಲಿಲ್ಲ. ‘ಸದಾರಮೆ’ಯ ಕಳ್ಳನ ಪಾತ್ರದಿಂದ ನಾಡನ್ನೇ ನಗಿಸಿ 1972ರಲ್ಲಿ ತೀರಿಕೊಂಡ ಗುಬ್ಬಿ ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’ ನಮ್ಮಲ್ಲಿದೆ. ಅದನ್ನು ಯಾರಾದರೂ ರೇಖೆಗಿಳಿಸುವುದಾದರೆ ಕಳ್ಳನ ವೇಷದೊಡನೆ, ಬಣ್ಣ ಅಳಿಸಿದ ಮೇಲಿನ ಮುಖವನ್ನೂ ಬರೆಯಲಿ.