ಜೈ ಭೀಮ್‌ನಲ್ಲಿ ಹಿಂದೆ ಉಳಿದವರು

‘ಜೈ ಭೀಮ್’ ಶುರುವಾಗೋದು ಜೈಲಿನ ಬಾಗಿಲಲ್ಲಿ. ಬಿಡುಗಡೆಯಾಗಿ ಬಂದವರನ್ನ ಅಧಿಕಾರಿ ಜಾತಿ ಕೇಳ್ತಾನೆ. ಬಲಾಢ್ಯ ಜಾತಿಯವರು ಮನೆಗೆ ಹೋಗ್ಬಹುದು. ಇರುಳರು, ಕುರವರು ಪಕ್ಕಕ್ಕೆ ನಿಲ್ಬೇಕು. ಹಳೇ ಕೇಸುಗಳಿಗೆ ಕಳ್ಳರು ಬೇಕಲ್ಲ! ಅಮೆರಿಕದಲ್ಲಿ ಮೈಬಣ್ಣ ನೋಡಿ ಮಾಡೋದನ್ನ ಇಲ್ಲಿ ಒಂದು ಪ್ರಶ್ನೆ ಕೇಳಿ ಮಾಡ್ತಾರೆ. ನಿರ್ದೇಶಕ ಜ್ಞಾನವೇಲ್ ಇದಕ್ಕಿಂತ ಗಟ್ಟಿ ದೃಶ್ಯವನ್ನ ಮುಂದೆಲ್ಲೂ ಕಟ್ಟಿಲ್ಲ.

ಆಮೇಲೆ ಸೂರ್ಯ ಬರ್ತಾರೆ. 1993ರ ನಿಜವಾದ ಪ್ರಕರಣ, ನಿಜವಾದ ವಕೀಲ ಕೆ. ಚಂದ್ರು, ಅದರಲ್ಲಿ ನನ್ನ ತಕರಾರಿಲ್ಲ. ಆದ್ರೆ ಕೆಂಬಾವುಟ ಹಿಡಿದು ಬೀದಿಗಿಳಿದವರು ಹಿನ್ನೆಲೆ ಸಂಗೀತದ ಹಾಗೆ ಬಂದು ಹೋಗ್ತಾರೆ. ಒಳ್ಳೇ ಲಾಯರ್ ಒಬ್ಬ ಇದ್ರೆ ಸಾಕು ಅನ್ನೋ ಸಮಾಧಾನದಲ್ಲಿ ನಾವು ಲ್ಯಾಪ್‌ಟಾಪ್ ಮುಚ್ಚಿ ಮಲಗ್ತೀವಿ.

ಸಿನಿಮಾ ಬಂದದ್ದು 2021ರ ನವೆಂಬರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ, ನಮ್ಮ ಅರೇಹಳ್ಳಿ ಕಡೆಯಿಂದ ಗಡಿ ದಾಟಿದ್ರೆ ಸಿಗೋ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ, ನೀರು ಕೇಳಿದ ದಲಿತ ಯುವಕನಿಗೆ ಮೂತ್ರ ಕುಡಿಸಿದ್ರು ಅನ್ನೋ ದೂರು. ಮೇಲಧಿಕಾರಿಗಳಿಗೆ ಪತ್ರ ಬರೆದವನು ಆ ಯುವಕನೇ. ದಲಿತ ಸಂಘಟನೆಗಳು ಪಟ್ಟು ಹಿಡಿದವು. ಎಫ್‌ಐಆರ್ ಆಯ್ತು, ಸಿಐಡಿಗೆ ಹೋಯ್ತು, ಸೆಪ್ಟೆಂಬರಲ್ಲಿ ಪಿಎಸ್‌ಐ ಬಂಧನ. ಸಿನಿಮಾದಲ್ಲಿ ಮಸುಕಾಗಿ ಕಾಣೋ ಜನ ಇವರೇ.

2020ರಲ್ಲಿ ಜಾರ್ಜ್ ಫ್ಲಾಯ್ಡ್‌ಗೆ ನಮ್ಮ ಆಫೀಸಿನವರು ಕಪ್ಪು ಡಿಪಿ ಹಾಕಿದ್ರು. ‘ಜೈ ಭೀಮ್’ಗೆ ಅಳೋ ಇಮೋಜಿ. ಗ್ರೂಪಿಗೆ ಗೋಣಿಬೀಡಿನ ಸುದ್ದಿ ಹಾಕಿದಾಗ ಮಾತ್ರ ಒಬ್ಬ ಕೇಳಿದ: ‘ಅವನೇನು ಮಾಡಿದ್ನಂತೆ?’

ಲಿಖಿತ ದೂರೇ ಇಲ್ಲದೆ ಠಾಣೆಗೆ ಎಳ್ಕೊಂಡು ಹೋದ್ರು ಅಂತ ಆ ಯುವಕ ಪತ್ರದಲ್ಲೇ ಬರೆದಿದ್ದ.