ಕಾಣುವ ಹಂಪಿ, ಕಲಿಯುವ ಹಂಪಿ: ವರ್ಚುಯಲ್ ರಿಯಾಲಿಟಿ ಮತ್ತು ವಸ್ತುಸಂಗ್ರಹಾಲಯದ ಪ್ರೇಕ್ಷಕ

ವಸ್ತುಸಂಗ್ರಹಾಲಯದ ಪ್ರೇಕ್ಷಕರ ಅನುಭವವು ವೈಯಕ್ತಿಕ, ಸಾಮಾಜಿಕ ಹಾಗೂ ಭೌತಿಕ ಎಂಬ ಮೂರು ಸಂದರ್ಭಗಳ ಕೂಡುವಿಕೆಯಿಂದ ರೂಪುಗೊಳ್ಳುತ್ತದೆ ಎಂದು ಜಾನ್ ಫಾಕ್ ಮತ್ತು ಲಿನ್ ಡಿಯರ್ಕಿಂಗ್ 1992ರಲ್ಲಿ ಪ್ರತಿಪಾದಿಸಿದರು. ವರ್ಚುಯಲ್ ರಿಯಾಲಿಟಿಯ ಮೂಲಕ ಪರಂಪರೆಯನ್ನು ಪರಿಚಯಿಸುವ ಪ್ರಯೋಗಗಳ ವಿಮರ್ಶೆಗೂ ಈ ವಿಂಗಡಣೆ ಉಪಯುಕ್ತವಾಗಿದೆ. ವಿಜಯನಗರದ ಅವಶೇಷಗಳನ್ನು ಕುರಿತ ‘ಪ್ಲೇಸ್-ಹಂಪಿ’ ಇದಕ್ಕೊಂದು ಉತ್ತಮ ನಿದರ್ಶನ.

ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ ಈ ಕೃತಿ 2006ರಲ್ಲಿ ಮೊದಲು ಪ್ರದರ್ಶನಗೊಂಡಿತು. ಬರ್ಲಿನ್, ಮೆಲ್ಬರ್ನ್ ನಗರಗಳಲ್ಲಿ ಪ್ರದರ್ಶಿತವಾದ ಬಳಿಕ 2012ರಲ್ಲಿ ಹಂಪಿಗೆ ಸಮೀಪದ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಂಡಿತು. ಸುತ್ತಲೂ ವರ್ತುಲಾಕಾರದ ತೆರೆ, ನಡುವೆ ತಿರುಗುವ ವೇದಿಕೆ. ಜಾನ್ ಗೋಲಿಂಗ್ಸ್ ಅವರ ಛಾಯಾಚಿತ್ರಗಳು ವಿಶೇಷ ಕನ್ನಡಕದ ಮೂಲಕ ಮೂರು ಆಯಾಮಗಳಲ್ಲಿ ತೋರುತ್ತವೆ. ವೇದಿಕೆಯನ್ನು ತಿರುಗಿಸುವವರು ಒಬ್ಬರಾದರೆ, ಜೊತೆಯಲ್ಲಿ ನಿಂತು ನೋಡುವವರು ಹಲವರು. ತಲೆಗೆ ತೊಡುವ ಸಾಧನಗಳು ಪ್ರೇಕ್ಷಕನನ್ನು ಒಂಟಿಯಾಗಿಸುತ್ತವೆ. ಇಲ್ಲಿ ಮಾತುಕತೆಗೆ, ಆ ಮೂಲಕ ಸಾಮಾಜಿಕ ಕಲಿಕೆಗೆ ಅವಕಾಶ ಉಳಿದಿದೆ. ಭಗ್ನ ಕಟ್ಟಡಗಳನ್ನು ಊಹೆಯಿಂದ ಮರಳಿ ಕಟ್ಟದೆ, ಇರುವಂತೆಯೇ ಛಾಯಾಚಿತ್ರಗಳಲ್ಲಿ ತೋರಿಸಿರುವುದು ಇದರ ಇನ್ನೊಂದು ಗುಣ.

ಆದರೆ ಅದೇ ಶಿಲೆಗಳ ನಡುವೆ ಅನಿಮೇಷನ್‌ನಲ್ಲಿ ರಚಿತವಾದ ದೇವತೆಗಳೂ ಚಲಿಸುತ್ತಾರೆ. ಕಿಷ್ಕಿಂಧೆಯ ಐತಿಹ್ಯವನ್ನು ಬಲ್ಲವರಿಗೆ ಇದು ನೆಲದ ನೆನಪಿನ ವಿಸ್ತರಣೆ. ಬಲ್ಲದವರಿಗೆ ಕೇವಲ ಚಮತ್ಕಾರವಾಗುವ ಸಾಧ್ಯತೆಯುಂಟು. ಶಿಲೆಯು ಪುರಾವೆ, ಕಥೆಯು ನಂಬಿಕೆ. ಎರಡಕ್ಕೂ ಬೆಲೆಯಿದೆ, ಆದರೆ ಒಂದೇ ಬಗೆಯ ಬೆಲೆಯಲ್ಲ. ಗಣಕಾಧಾರಿತ ದೃಶ್ಯೀಕರಣದಲ್ಲಿ ಪುರಾವೆಯನ್ನೂ ಊಹೆಯನ್ನೂ ಬೇರ್ಪಡಿಸಿ ತಿಳಿಸಬೇಕೆಂಬುದು 2006ರ ಲಂಡನ್ ಚಾರ್ಟರ್‌ನ ಆಶಯ. ಕಥೆಯ ವಿಷಯದಲ್ಲೂ ಈ ವಿವೇಕ ಅಗತ್ಯ.

ಕಾಲದ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. 2011ರಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಕೃತಿಯ ಮೂಲ ಚಿತ್ರಗಳು ಅದಕ್ಕಿಂತ ಹಿಂದಿನವು. ಚಿತ್ರ ತೆಗೆದ ವರ್ಷವನ್ನು ಅರಿಯದ ಪ್ರೇಕ್ಷಕನಿಗೆ ಹಂಪಿಯು ಕಾಲಾತೀತವಾಗಿಯೇ ಕಾಣುತ್ತದೆ. ಅಲ್ಲಿ ಬಾಳಿದವರ ಚರಿತ್ರೆಯು ಅವನ ಕಲಿಕೆಯಿಂದ ಜಾರಿಹೋಗುತ್ತದೆ.

ಆದುದರಿಂದ ಇಂತಹ ಪ್ರದರ್ಶನಗಳ ಸಾಫಲ್ಯವನ್ನು ಪ್ರೇಕ್ಷಕರ ಸಂಖ್ಯೆಯಿಂದಾಗಲೀ ಅವರ ಬೆರಗಿನಿಂದಾಗಲೀ ಅಳೆಯುವುದು ಸಾಲದು. ಕಂಡದ್ದರಲ್ಲಿ ಯಾವುದು ಶಿಲೆ, ಯಾವುದು ಕಥೆ, ಯಾವುದು ಯಾವ ವರ್ಷದ ನೋಟ ಎಂಬುದನ್ನು ಹೊರಬರುವಾಗ ಅವರು ಹೇಳಬಲ್ಲರೇ ಎಂದು ಕೇಳಬೇಕು. ಪ್ರತಿ ದೃಶ್ಯಕ್ಕೂ ಅದರ ಕಾಲ ಮತ್ತು ಆಧಾರಗಳನ್ನು ಕನ್ನಡದಲ್ಲಿ ಸೂಚಿಸುವುದು ಆ ದಿಕ್ಕಿನ ಮೊದಲ ಹೆಜ್ಜೆ.