ಮರಳ ಮೇಲಿನ ಮಗ್ಗಿ ಮತ್ತು ಗಣಿತಸಾರಸಂಗ್ರಹ

ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವು ಬಾಲಕರ ಮೊದಲ ಪಾಠಕ್ಕೆಂದೇ ರಚಿತವಾದ ಗ್ರಂಥವೆಂಬ ಮಾತು ಆಗಾಗ ಕೇಳಿಬರುವುದುಂಟು. ಅದರ ಪರಿಕರ್ಮವ್ಯವಹಾರವನ್ನು ಗಮನವಿಟ್ಟು ಓದಿದವರು ಇದನ್ನು ಒಪ್ಪಲಾರರು. ನೃಪತುಂಗನ ಕಾಲದ ಈ ಆಚಾರ್ಯನು ಅಷ್ಟಪರಿಕರ್ಮಗಳನ್ನು ಪ್ರತ್ಯುತ್ಪನ್ನದಿಂದ, ಎಂದರೆ ಗುಣಾಕಾರದಿಂದ, ಆರಂಭಿಸುತ್ತಾನೆ. ಸಾಮಾನ್ಯವಾದ ಸಂಕಲನ ವ್ಯವಕಲನಗಳಿಗೆ ಅಲ್ಲಿ ಸೂತ್ರವಿಲ್ಲ. ಸಂಕಲಿತ, ವ್ಯುತ್ಕಲಿತಗಳೆಂದು ಆತನು ಹೇಳುವುದು ಶ್ರೇಢಿಯ ವಿಷಯವನ್ನು. ಇದು ಲೋಪವಲ್ಲ. ಶಿಷ್ಯನು ಅಷ್ಟನ್ನು ಬೇರೆಡೆ ಕಲಿತೇ ಬಂದಿದ್ದಾನೆಂಬುದು ಆಚಾರ್ಯನ ಗೃಹೀತ.

ಆ ‘ಬೇರೆಡೆ’ ಎಂತಹುದೆಂಬುದಕ್ಕೆ ಹೊನ್ನಾವರ ಸೀಮೆಯ ಸಾಕ್ಷ್ಯವೊಂದಿದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದಿಂದ ಹೊಳೆಯ ಮಾರ್ಗವಾಗಿ ಗೇರುಸೊಪ್ಪೆಗೆ ಬಂದು ಘಟ್ಟವನ್ನೇರಿದನು. ಅಲ್ಲಿ ಹನುಮಂತನ ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ನೆಲಕ್ಕೆ ನಯವಾದ ಮರಳು ಹರಡಿತ್ತು. ಒಬ್ಬನು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆದರೆ ಉಳಿದವರು ಅದನ್ನೇ ಹಾಡಿ ಬರೆಯುವರು. ನೆಲ ತುಂಬಿದೊಡನೆ ಕೈಯಿಂದ ಅಳಿಸಿ ಹೊಸ ಮರಳನ್ನು ಚೆಲ್ಲುವರು. ಒಂದನ್ನು ಒಂದರಿಂದ ಗುಣಿಸುವ ಮಾತಿನಿಂದ ಪಾಠ ತೊಡಗಿದಂತೆ ಆತನು ಬರೆದಿರುವುದರಿಂದ ಅದು ನಮ್ಮ ಮಗ್ಗಿಯೇ ಸರಿ. ಗುರುವಿಲ್ಲದೆ ತಪ್ಪನ್ನು ತಿದ್ದುವವರಾರೆಂದು ಕೇಳಿದಾಗ, ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲವೆಂದರಂತೆ. (ಪ್ರತ್ಯಂತರಗಳನ್ನು ಹೋಲಿಸುವ ನಾವೂ ಇದನ್ನೇ ನಂಬಿದ್ದೇವೆ, ಆದರೆ ನಾಲ್ಕೂ ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದಿದ್ದರೆ ಗತಿಯೇನು?)

ಚತುರ್ಮುಖ ಬಸದಿಯ ಗೇರುಸೊಪ್ಪೆ ಸಮೀಪದಲ್ಲಿದೆಯೆಂದು ಆ ಹುಡುಗರನ್ನು ಜೈನಮಠದ ವಿದ್ಯಾರ್ಥಿಗಳೆನ್ನುವುದು ಸಲ್ಲದು. ನಡುವೆ ಸುಮಾರು ಎಂಟು ಶತಮಾನಗಳ ಅಂತರವೂ ಇದೆ. ಆದರೂ ಗ್ರಂಥದ ಒಳಗೇ ಮರಳಿನ ಗುರುತುಂಟು. ಮಹಾವೀರನು ಹೇಳುವ ‘ಕವಾಟಸಂಧಿ’ ಕ್ರಮದಲ್ಲಿ ಗುಣ್ಯ ಗುಣಕಗಳನ್ನು ಬಾಗಿಲಿನ ಕೀಲುಗಳಂತೆ ಮೇಲೆ ಕೆಳಗೆ ಇರಿಸಿ, ಗುಣಕವನ್ನು ಒಂದೊಂದೇ ಸ್ಥಾನ ಸರಿಸುತ್ತ, ಹಳೆಯ ಅಂಕವನ್ನು ಅಳಿಸಿ ಹೊಸದನ್ನು ಬರೆಯಬೇಕು. ಕಂಟದಿಂದ ಕೊರೆದ ತಾಳೆಗರಿಯಲ್ಲಿ ಇದು ಆಗದ ಕೆಲಸ. ಗಣಿತಕ್ಕೆ ‘ಧೂಳೀಕರ್ಮ’ವೆಂಬ ಹೆಸರು ಸುಮ್ಮನೆ ಬಂದುದಲ್ಲ. 152207ನ್ನು 73ರಿಂದ ಗುಣಿಸಿದರೆ 11111111 ಎಂಬ ಕಂಠಿಕೆ ದೊರೆಯುತ್ತದೆ. ಉತ್ತರವನ್ನು ಮಾತ್ರ ಅಚ್ಚಿನಲ್ಲಿ ಕಂಡವನಿಗೆ ಅದೊಂದು ಚಮತ್ಕಾರ. ಅಳಿಸುತ್ತ ಬರೆಯುತ್ತ ಬಂದ ಹುಡುಗನಿಗಾದರೋ ಒಂದೊಂದೇ ಮಣಿ ಕಣ್ಣೆದುರಿಗೆ ಪೋಣಿಸಿಕೊಳ್ಳುತ್ತದೆ.

ರಾಜಾದಿತ್ಯನ ‘ವ್ಯವಹಾರಗಣಿತ’ದ ಪ್ರತಿಗಳಿಗೂ ಈ ವಿಚಾರ ಅನ್ವಯಿಸುತ್ತದೆ. ಸೂತ್ರಕ್ಕೂ ಉತ್ತರಕ್ಕೂ ನಡುವೆ ಕ್ರಿಯೆ ಕಾಣದಿದ್ದಲ್ಲಿ ಲಿಪಿಕಾರನು ಬಿಟ್ಟನೆಂದು ಆವರಣ ಹಾಕುವ ಮುನ್ನ, ಅದು ಎಂದಾದರೂ ಗರಿಯ ಮೇಲೆ ಇದ್ದಿತೇ ಎಂದು ಸಂಪಾದಕರು ಕೇಳಿಕೊಳ್ಳಬೇಕು. ಅಂತಹ ಸ್ಥಳಗಳಲ್ಲಿ ಕವಾಟಸಂಧಿಯ ಹಂತಗಳನ್ನು ಟಿಪ್ಪಣಿಯಲ್ಲಿ ಅಂಕಸಹಿತ ಬರೆದು ತೋರಿಸಿದರೆ ಓದುಗರಿಗೆ ಉಪಕಾರವಾದೀತು.